ಸಣ್ಣ ಊರಿನ ಕೊಲೆ ಕಥೆಯಲ್ಲಿ ನಾಯಕನ ಪಾತ್ರ ಕಟ್ಟುವುದು ಹೇಗೆ

ರಾಯಚೂರಿನಲ್ಲಿ ಈಗ ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ಜಾಸ್ತಿ. ಸಂಜೆ ಹೊತ್ತು ನಾನು ನಟನೆ ಹೇಳಿಕೊಡುತ್ತೇನೆ. ಕಲಿಯೋಕೆ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಕೊಲೆ ಕಥೆ ಇರುತ್ತದೆ. ಒಂದು ಹಳ್ಳಿ, ಒಂದು ಹೆಣ, ಹೊರಗಿನಿಂದ ಬಂದ ಒಬ್ಬ ಪೊಲೀಸ್ ಅಧಿಕಾರಿ. ಕಥೆ ಚೆನ್ನಾಗಿಯೇ ಇರುತ್ತದೆ. ಕೆಡುವುದು ನಾಯಕನ ಪಾತ್ರದಲ್ಲಿ. ಅವನು ಜೀಪಿನಿಂದ ಇಳಿದ ಕೂಡಲೇ ಕಪ್ಪು ಕನ್ನಡಕ ತೆಗೆಯುತ್ತಾನೆ, ಮೀಸೆ ತಿರುವುತ್ತಾನೆ, ಎದುರಿಗೆ ಸಿಕ್ಕವನ ಕಾಲರ್ ಹಿಡಿಯುತ್ತಾನೆ. ಅಲ್ಲಿಗೆ ಕಥೆಯೊಳಗಿನ ಭಯ ಮುಗಿಯಿತು. ಇಡೀ ಊರೇ ಅವನಿಗೆ ಹೆದರುತ್ತದೆ ಅಂದಮೇಲೆ, ಅವನಿಗೆ ಏನಾಗುತ್ತೋ ಅಂತ ನೋಡುವವರು ಯಾಕೆ ಚಿಂತೆ ಮಾಡಬೇಕು?

ಈ ಪಾತ್ರಕ್ಕೆ ತಯಾರಾಗುವವರಿಗೆ ನಾನು ಮೊದಲು ತೋರಿಸುವುದು 1967ರ ‘ಇನ್ ದ ಹೀಟ್ ಆಫ್ ದ ನೈಟ್’ ಸಿನಿಮಾ. ನಿರ್ದೇಶಕ ನಾರ್ಮನ್ ಜ್ಯೂಯಿಸನ್. ಅಮೆರಿಕದ ದಕ್ಷಿಣ ಭಾಗ, ಮಿಸಿಸಿಪಿ ರಾಜ್ಯದ ಸ್ಪಾರ್ಟಾ ಅನ್ನುವ ಸಣ್ಣ ಊರು. ಅಲ್ಲಿ ಕಾರ್ಖಾನೆ ಕಟ್ಟೋಕೆ ಬಂದ ಶಿಕಾಗೋದ ದೊಡ್ಡ ಉದ್ಯಮಿಯೊಬ್ಬನ ಹೆಣ ರಾತ್ರಿ ರಸ್ತೆಯಲ್ಲಿ ಸಿಗುತ್ತದೆ. ರೈಲ್ವೆ ಸ್ಟೇಷನ್ನಿನಲ್ಲಿ ಒಬ್ಬ ಕಪ್ಪು ಮನುಷ್ಯ ಒಬ್ಬನೇ ರೈಲಿಗೆ ಕಾಯುತ್ತಾ ಕೂತಿದ್ದಾನೆ. ಕಪ್ಪಗಿದ್ದಾನೆ, ಜೇಬಿನಲ್ಲಿ ದುಡ್ಡಿದೆ, ಅಷ್ಟೇ ಸಾಕು, ಹಿಡಿದುಕೊಂಡು ಹೋಗುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಅವನು ಫಿಲಡೆಲ್ಫಿಯಾದ ಪೊಲೀಸ್ ಅಧಿಕಾರಿ, ಕೊಲೆ ಪತ್ತೆ ಮಾಡುವುದೇ ಅವನ ಕೆಲಸ. ಹೆಸರು ವರ್ಜಿಲ್ ಟಿಬ್ಸ್. ಆ ಪಾತ್ರ ಮಾಡಿದವರು ಸಿಡ್ನಿ ಪೊಯಿಟಿಯರ್. ಊರಿನ ಪೊಲೀಸ್ ಮುಖ್ಯಸ್ಥ ಗಿಲ್ಲೆಸ್ಪಿ, ಆ ಪಾತ್ರ ರಾಡ್ ಸ್ಟೈಗರ್ ಅವರದು.

ಕೊಲೆಗಾರ ಯಾರು ಅಂತ ಇಲ್ಲಿ ಹೇಳುವುದಿಲ್ಲ. ನೋಡಿಯೇ ತಿಳಿಯಿರಿ.

ಮೊದಲ ಸಲ ಸುಮ್ನೆ ಕಥೆಗಾಗಿ ನೋಡಿ. ಎರಡನೇ ಸಲ ದನಿ ಪೂರ್ತಿ ಬಂದ್ ಮಾಡಿ ನೋಡಿ. ಸಬ್‌ಟೈಟಲ್ ಕೂಡ ಬೇಡ. ಕಣ್ಣು ಪೊಯಿಟಿಯರ್ ಮೇಲೆ ಮಾತ್ರ ಇರಲಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಮೂರು ವಿಷಯ ಬರೆದುಕೊಳ್ಳಿ. ಅವರು ಯಾವಾಗ ಕೂರುತ್ತಾರೆ, ಯಾವಾಗ ನಿಂತೇ ಇರುತ್ತಾರೆ? ಕೈ ಎಲ್ಲಿದೆ? ಎದುರಿನವರು ಮಾತಾಡುವಾಗ ಕಣ್ಣು ಎಲ್ಲಿ ನೆಟ್ಟಿದೆ? ದನಿ ಇಲ್ಲದಿದ್ದಾಗಲೇ ಗೊತ್ತಾಗುವುದು, ಈ ಪಾತ್ರದ ಮುಕ್ಕಾಲು ಭಾಗ ಮಾತಿನಲ್ಲಿ ಇಲ್ಲ. ಸುತ್ತಲಿನವರು ಕುರ್ಚಿಯಲ್ಲಿ ಒರಗುತ್ತಾರೆ, ಚ್ಯೂಯಿಂಗ್ ಗಮ್ ಅಗಿಯುತ್ತಾರೆ, ಬೆವರು ಒರೆಸುತ್ತಾರೆ. ಇವರೊಬ್ಬರೇ ಸೂಟು ಟೈ ಹಾಕಿಕೊಂಡು ನೆಟ್ಟಗೆ ನಿಂತಿರುತ್ತಾರೆ. ಗೆಲ್ಲುವವನ ನಿಲುವು ಅದಲ್ಲ. ಸ್ವಲ್ಪ ಸಡಿಲ ಬಿಟ್ಟರೆ ಈ ಊರು ನನ್ನನ್ನು ತುಳಿದುಬಿಡುತ್ತದೆ ಅಂತ ಗೊತ್ತಿರುವ ಮನುಷ್ಯ ಹಾಗೆ ನಿಲ್ಲುತ್ತಾನೆ. ನಿಮ್ಮ ನಾಯಕನಿಗೂ ಇದೇ ಬುನಾದಿ. ಅವನು ಊರಿನ ಎಲ್ಲರಿಗಿಂತ ಜಾಣ, ಆದರೆ ಊರಿನ ಎಲ್ಲರಿಗಿಂತ ಕಡಿಮೆ ಸುರಕ್ಷಿತ. ಈ ಎರಡೂ ಒಟ್ಟಿಗೆ ಇದ್ದರೆ ಮಾತ್ರ ಪಾತ್ರಕ್ಕೆ ಜೀವ ಬರುತ್ತದೆ.

ಸ್ಕ್ರಿಪ್ಟ್ ಕೈಗೆತ್ತಿಕೊಳ್ಳುವ ಮುಂಚೆ ಪಾತ್ರದ ಬಗ್ಗೆ ಒಂದು ಪುಟ ಬರೆಯಿರಿ. ‘ಧೈರ್ಯವಂತ, ಪ್ರಾಮಾಣಿಕ’ ಅಂತೆಲ್ಲ ಬರೆಯಬೇಡಿ, ಅದರಿಂದ ನಟನಿಗೆ ಏನೂ ಸಿಗುವುದಿಲ್ಲ. ಸಂಬಳ ಎಷ್ಟು, ಜೇಬಿನಲ್ಲಿ ಈಗ ಎಷ್ಟಿದೆ, ಯಾವ ಬಸ್ಸಿಗೆ ಕಾಯುತ್ತಿದ್ದ, ಮನೆಯಲ್ಲಿ ಯಾರು ದಾರಿ ನೋಡುತ್ತಿದ್ದಾರೆ, ಇದನ್ನು ಬರೆಯಿರಿ. ಟಿಬ್ಸ್ ತಾಯಿಯನ್ನು ನೋಡಿಕೊಂಡು ವಾಪಸ್ ಹೊರಟವನು. ಅವನ ವಾರದ ಸಂಬಳ 162 ಡಾಲರ್ 39 ಸೆಂಟ್. ಠಾಣೆಯಲ್ಲಿ ಆ ಅಂಕಿ ಬಾಯಿಗೆ ಬಂದ ಕೂಡಲೇ ಊರಿನ ಪೊಲೀಸರ ಮುಖ ನೋಡಿ. ಈ ಕಪ್ಪು ಮನುಷ್ಯ ನಮಗಿಂತ ಜಾಸ್ತಿ ಎಣಿಸುತ್ತಾನಾ ಅನ್ನುವ ಉರಿ ಅಲ್ಲಿ ಕಾಣುತ್ತದೆ. ಒಂದು ಸಂಬಳದ ಅಂಕಿಯಿಂದ ಇಡೀ ಊರಿನ ಮನಸ್ಸು ಹೊರಗೆ ಬಂತು. ಉದ್ದ ಭಾಷಣ ಬರೆದಿದ್ದರೂ ಇಷ್ಟು ಕೆಲಸ ಆಗುತ್ತಿರಲಿಲ್ಲ.

ನಮ್ಮ ಕಡೆ ಕಥೆ ಮಾಡುವಾಗ ಈ ‘ಹೊರಗಿನವನು’ ಯಾರು ಅಂತ ಧೈರ್ಯವಾಗಿ ನಿರ್ಧರಿಸಿ. ಬೆಂಗಳೂರಿನವನು ಅಂದುಬಿಟ್ಟರೆ ಸಾಕಾಗುವುದಿಲ್ಲ. ಬೆಂಗಳೂರಿನ ಅಧಿಕಾರಿ ಬಂದರೆ ನಮ್ಮೂರಲ್ಲಿ ಕುರ್ಚಿ ಹಾಕಿ ಚಹಾ ತರಿಸುತ್ತಾರೆ. ಯಾರಿಗೆ ಕುರ್ಚಿ ಹಾಕುವುದಿಲ್ಲ? ಯಾರಿಗೆ ಬೇರೆ ಲೋಟದಲ್ಲಿ ಚಹಾ ಕೊಡುತ್ತಾರೆ? ಯಾವ ಇನ್‌ಸ್ಪೆಕ್ಟರ್ ಬಂದರೆ ಗೌಡರು ಕಟ್ಟೆಯಿಂದ ಏಳುವುದೇ ಇಲ್ಲ? ಆ ಮನುಷ್ಯ ನಿಮ್ಮ ನಾಯಕ, ಅಥವಾ ನಾಯಕಿ. ಜಾತಿಯ ಮಾತು ಬಂದರೆ ಗಲಾಟೆ ಆಗುತ್ತೆ ಅಂತ ಹೆದರಿ ಹುಡುಗರು ಅದನ್ನು ಮುಟ್ಟುವುದಿಲ್ಲ. ಅದನ್ನು ಬಿಟ್ಟರೆ ಇಂಥ ಕೊಲೆ ಕಥೆಗೆ ಬೆನ್ನೆಲುಬೇ ಇರುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಆ ಸಿನಿಮಾ ಬಂದ ಕಾಲಕ್ಕೆ ಅಮೆರಿಕದಲ್ಲೂ ಇದು ಸುಲಭದ ವಿಷಯ ಆಗಿರಲಿಲ್ಲ. ಪೊಯಿಟಿಯರ್ ಅದಕ್ಕೂ ಮುಂಚೆ ಗೆಳೆಯ ಹ್ಯಾರಿ ಬೆಲಫಾಂಟೆ ಜೊತೆ ಮಿಸಿಸಿಪಿಗೆ ಹೋಗಿದ್ದಾಗ ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪು ಕೂ ಕ್ಲಕ್ಸ್ ಕ್ಲಾನ್‌ನ ಜನ ಬೆನ್ನಟ್ಟಿದ್ದರು. ಹಾಗಾಗಿ ದಕ್ಷಿಣದಲ್ಲಿ ಚಿತ್ರೀಕರಣ ಬೇಡ ಅಂದುಬಿಟ್ಟರು. ಕಥೆ ಮಿಸಿಸಿಪಿಯದಾದರೂ ಹೆಚ್ಚಿನ ಚಿತ್ರೀಕರಣ ನಡೆದದ್ದು ಉತ್ತರದ ಇಲಿನಾಯ್ ರಾಜ್ಯದಲ್ಲಿ. ಹತ್ತಿ ಹೊಲದ ಭಾಗಕ್ಕೆ ಮಾತ್ರ ಕೆಲವೇ ದಿನ ಟೆನೆಸಿಗೆ ಹೋದರು.

ಸ್ಕ್ರಿಪ್ಟ್ ಬಂದ ಮೇಲೆ ಅಂಚಿನಲ್ಲಿ ಇನ್ನೊಂದು ಕೆಲಸ ಮಾಡಿ. ನಾಯಕನನ್ನು ಯಾರು ‘ನೀನು’ ಅನ್ನುತ್ತಾರೆ, ಯಾರು ‘ನೀವು’ ಅನ್ನುತ್ತಾರೆ, ಯಾರು ಸಾರ್, ಯಾರು ಏನಪ್ಪಾ, ಯಾರು ಏನೂ ಕರೆಯದೆ ಮಾತಾಡುತ್ತಾರೆ, ಎಲ್ಲವನ್ನೂ ಗುರುತು ಹಾಕಿ. ಆಮೇಲೆ ಯಾವ ದೃಶ್ಯದಲ್ಲಿ ಯಾರು ಬದಲಾಗುತ್ತಾರೆ ನೋಡಿ. ಠಾಣೆಯ ಕಾನ್‌ಸ್ಟೇಬಲ್ ಮೂರನೇ ದೃಶ್ಯದವರೆಗೆ ಏನೂ ಕರೆಯದೆ ಇದ್ದವನು, ಒಂದು ರಾತ್ರಿ ‘ಊಟ ಆತೇನ್ರೀ ಸರ?’ ಅಂದರೆ ಸಾಕು, ಅದೊಂದು ಘಟನೆ. ನಟ ಆ ಮಾತನ್ನು ಕೇಳಿಸಿಕೊಂಡದ್ದು ಕಾಣಬೇಕು. ಥ್ಯಾಂಕ್ಸ್ ಹೇಳಬೇಕಿಲ್ಲ, ಬರೆಯುತ್ತಿದ್ದ ಪೆನ್ನು ಒಂದು ಕ್ಷಣ ನಿಂತರೆ ಆಯಿತು.

ಇನ್ನು ಕೆಲಸದ ಅರಿವು. ಪತ್ತೇದಾರನ ಪಾತ್ರದಲ್ಲಿ ನಂಬಿಕೆ ಹುಟ್ಟುವುದು ಅವನ ಕೈಯಿಂದ. ಟಿಬ್ಸ್ ಹೆಣ ಪರೀಕ್ಷೆ ಮಾಡುವ ದೃಶ್ಯವನ್ನು ಮತ್ತೆ ಮತ್ತೆ ನೋಡಿ. ಸುತ್ತ ನಿಂತ ಬಿಳಿಯರು ಸುಮ್ನೆ ನೋಡುತ್ತಿರುತ್ತಾರೆ. ಇವರ ಬೆರಳು ತಲೆಯ ಗಾಯದ ಮೇಲೆ ಹೋಗುತ್ತದೆ, ಕೈಕಾಲಿನ ಸೆಟೆತ ನೋಡುತ್ತದೆ. ಅವಸರ ಇಲ್ಲ, ಅಸಹ್ಯ ಇಲ್ಲ. ಸತ್ತವನ ಬಗ್ಗೆ ಮರ್ಯಾದೆ ಇರುವ ಕೈ ಅದು. ಮುಂದೆ ಒಬ್ಬ ಹುಡುಗನನ್ನು ಕೊಲೆಗಾರ ಅಂತ ಹಿಡಿದು ತಂದಾಗ, ಅವನು ಎಡಗೈ ಬಳಸುವವನು, ಏಟು ಬಿದ್ದಿರುವುದು ಬಲಗೈಯಿಂದ ಅಂತ ಟಿಬ್ಸ್ ಬಿಡಿಸಿ ಹೇಳುತ್ತಾರೆ. ನಾಯಕನ ಜಾಣತನ ಹೀಗೆ ಒಂದು ಕೈ, ಒಂದು ಗಾಯ ಅನ್ನುವಷ್ಟು ಸಣ್ಣದರಲ್ಲಿ ಬರಬೇಕು. ಕಣ್ಣು ಮುಚ್ಚಿ ಯೋಚಿಸಿ ಎಲ್ಲ ಹೇಳಿಬಿಡುವ ಪತ್ತೇದಾರನನ್ನು ಯಾರೂ ನಂಬುವುದಿಲ್ಲ.

ನಮ್ಮ ನಟನೂ ಸ್ವಲ್ಪ ಕಲಿಯಬೇಕು. ಸತ್ತ ಮೇಲೆ ದೇಹ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯೊಳಗೆ ಸೆಟೆಯಲು ಶುರುವಾಗುತ್ತದೆ. ಮೊದಲು ಕಾಣುವುದು ರೆಪ್ಪೆ, ದವಡೆ, ಕುತ್ತಿಗೆಯಲ್ಲಿ. ಸುಮಾರು ಹನ್ನೆರಡು ಗಂಟೆಗೆ ಪೂರ್ತಿ ಸೆಟೆಯುತ್ತದೆ, ಆಮೇಲೆ ನಿಧಾನಕ್ಕೆ ಸಡಿಲವಾಗುತ್ತದೆ. ಬಿಸಿಲು ಜಾಸ್ತಿ ಇದ್ದರೆ ಇದೆಲ್ಲ ಬೇಗ ಬೇಗ ನಡೆಯುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಕಥೆ ನಡೆಯುತ್ತಿದ್ದರೆ ಈ ಒಂದು ವಿಷಯದ ಮೇಲೆಯೇ ಒಂದು ಸುಳಿವು ಕಟ್ಟಬಹುದು. ಹೆಣ ನೆರಳಿನಲ್ಲಿ ಇತ್ತಾ, ಬಂಡೆಯ ಮೇಲೆ ಇತ್ತಾ ಅನ್ನುವುದರಿಂದ ಸಮಯದ ಲೆಕ್ಕವೇ ಬದಲಾಗುತ್ತದೆ. ಕಾನೂನಿನ ಮಾತು ಬಂದಾಗ ಹಳೆಯ ಸಿನಿಮಾ ನೋಡಿ ‘302’ ಅಂತ ಬರೆಯಬೇಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕೊಲೆಗೆ ಶಿಕ್ಷೆ ಹೇಳುವುದು ಅದರ 103ನೇ ಕಲಂ. ಹೆಣ ಸಿಕ್ಕ ಜಾಗದಲ್ಲಿ ಪಂಚರನ್ನು ಕರೆದು ಶವ ಪಂಚನಾಮೆ ಆಗಬೇಕು. ಆ ಪಂಚರು ಊರಿನವರೇ ಆಗಿರುತ್ತಾರೆ. ಸಹಿ ಹಾಕೋಕೆ ಹೆದರುವ ಪಂಚ, ಅವನ ಕೈಗೆ ಪೆನ್ನು ಕೊಟ್ಟು ಕಾಯುವ ನಾಯಕ, ಇದನ್ನು ಒಂದು ದೃಶ್ಯ ಮಾಡಿ ನೋಡಿ.

ಈಗ ಸಿಟ್ಟಿನ ವಿಷಯ. ನನ್ನ ಪ್ರಕಾರ ಈ ಪಾತ್ರದ ಜೀವಾಳ ಇದೇ. ಹುಡುಗರು ಇದನ್ನೇ ಅವಸರದಲ್ಲಿ ಖರ್ಚು ಮಾಡಿಬಿಡುತ್ತಾರೆ.

ಟಿಬ್ಸ್‌ಗೆ ಕೊಲೆಯಾದವನ ಕಾರಿನಲ್ಲಿ ಒಂದು ಜರೀಗಿಡದ ಬೇರಿನ ಚೂರು ಸಿಗುತ್ತದೆ. ಆರ್ಕಿಡ್ ಅನ್ನುವ ಹೂಗಿಡ ಬೆಳೆಸುವವರು ಬಳಸುವ ಬೇರು ಅದು. ಊರಿನ ದೊಡ್ಡ ಜಮೀನುದಾರ ಎಂಡಿಕಾಟ್ ಮನೆಯಲ್ಲಿ ಆರ್ಕಿಡ್ ತೋಟ ಇದೆ. ಇಬ್ಬರು ಪೊಲೀಸರೂ ಅಲ್ಲಿಗೆ ಹೋಗುತ್ತಾರೆ. ದಾರಿಯಲ್ಲಿ ಹತ್ತಿ ಹೊಲ, ಕಪ್ಪು ಜನ ಬಗ್ಗಿ ಹತ್ತಿ ಬಿಡಿಸುತ್ತಿರುತ್ತಾರೆ. ಸೂಟು ಹಾಕಿಕೊಂಡ ಟಿಬ್ಸ್ ಕಾರಿನ ಕಿಟಕಿಯಿಂದ ಅವರನ್ನು ನೋಡುತ್ತಾನೆ. ಒಂದು ಮಾತಿಲ್ಲ. ರಾಯಚೂರಿನವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾ? ಉಡಿ ಕಟ್ಟಿಕೊಂಡು ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಸಾಲು, ಪಕ್ಕದ ರಸ್ತೆಯಲ್ಲಿ ಹೋಗುವ ಕಾರು, ನಾವೆಲ್ಲ ನೋಡಿದ್ದೇವೆ. ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗಿ ಆ ಭಾಗ ನೋಡುವಾಗ, ನಮ್ಮವ್ವ ಹಿಂಗೇ ಬಗ್ಗಿರ್ತಾಳ್ರಿ ಅಂದಳು. ಆಮೇಲೆ ಅವಳಿಗೆ ಆ ಪಾತ್ರ ಹೇಳಿಕೊಡುವ ಕೆಲಸ ನನಗೆ ಬೀಳಲೇ ಇಲ್ಲ.

ಗಾಜಿನ ತೋಟದೊಳಗೆ ಮಾತು ಬಹಳ ಮರ್ಯಾದೆಯಿಂದ ಶುರುವಾಗುತ್ತದೆ. ಹೂವು, ಬೇರು, ತೇವ. ಎಂಡಿಕಾಟ್ ಆರ್ಕಿಡ್ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ಕರಿಯರನ್ನೂ ಹೀಗೇ ಸಾಕಬೇಕು ಅನ್ನುವ ಹಾಗೆ ಹೇಳುತ್ತಾನೆ. ಟಿಬ್ಸ್ ಮುಖದಲ್ಲಿ ಏನೂ ಇಲ್ಲ. ಇಲ್ಲಿ ವಿಡಿಯೊ ನಿಲ್ಲಿಸಿ. ‘ಈಗ ಸಿಟ್ಟು ಎಲ್ಲಿದೆ?’ ಅಂತ ನಿಮ್ಮ ನಟನನ್ನು ಕೇಳಿ. ಮುಖದಲ್ಲಿ ಹುಡುಕುತ್ತಾನೆ, ಸಿಗುವುದಿಲ್ಲ. ಅದು ಮುಂದಿನ ಪ್ರಶ್ನೆಯಲ್ಲಿ ಇದೆ. ಸತ್ತವನು ನಿನ್ನೆ ರಾತ್ರಿ ಇಲ್ಲಿಗೆ ಬಂದಿದ್ದನಾ ಅಂತ ಟಿಬ್ಸ್ ಮೆತ್ತಗೆ ಕೇಳುತ್ತಾನೆ. ಕೇಳುವುದು ಕೆಲಸ, ಆದರೆ ಕೇಳಿದ್ದೇ ಸೇಡು. ಮುದುಕ ಎಂಡಿಕಾಟ್ ಕಪಾಳಕ್ಕೆ ಹೊಡೆಯುತ್ತಾನೆ. ಟಿಬ್ಸ್ ತಿರುಗಿಸಿ ಹೊಡೆಯುತ್ತಾನೆ.

ಎರಡು ಏಟಿನ ನಡುವೆ ಬಿಡುವೇ ಇಲ್ಲ, ಅದನ್ನು ಗಮನಿಸಿ. ನಮ್ಮ ಹುಡುಗರು ಇಲ್ಲಿ ಏನು ಮಾಡುತ್ತಾರೆ? ಏಟು ಬಿತ್ತು, ನಾಯಕ ನಿಧಾನಕ್ಕೆ ಮುಖ ತಿರುಗಿಸಿದ, ತುಟಿಯ ರಕ್ತ ಒರೆಸಿಕೊಂಡ, ಸಂಗೀತ ಏರಿತು, ಆಮೇಲೆ ಹೊಡೆದ. ಅದು ಹೀರೊ ಹೊಡೆದದ್ದು. ಟಿಬ್ಸ್ ಹೊಡೆದದ್ದು ಒಬ್ಬ ಮನುಷ್ಯ ಹೊಡೆದದ್ದು. ಯೋಚನೆಗೆ ಮುಂಚೆ ಕೈ ಹೋಗಿದೆ. ಹೊಡೆದ ಮೇಲೆ ಅವನು ಡೈಲಾಗ್ ಹೇಳುವುದಿಲ್ಲ. ಪಕ್ಕದಲ್ಲಿ ನಿಂತ ಗಿಲ್ಲೆಸ್ಪಿಗೆ ಏನು ಮಾಡಬೇಕೋ ಗೊತ್ತಿಲ್ಲ. ಟ್ರೇ ಹಿಡಿದು ನಿಂತ ಕಪ್ಪು ಆಳಿನ ಮುಖ ನೋಡಿ. ಆ ಏಟಿನ ಬೆಲೆ ಗೊತ್ತಿರುವವನು ಅವನೊಬ್ಬನೇ.

ರಿಹರ್ಸಲ್‌ನಲ್ಲಿ ಇದನ್ನು ಹೀಗೆ ಮಾಡಿಸಿ. ಅವಮಾನದ ಮಾತುಗಳನ್ನು ಸ್ಕ್ರಿಪ್ಟ್‌ನಿಂದ ಆರಿಸಿ ಬರೆಯಿರಿ. ಎದುರಿನ ನಟ ಅವನ್ನು ಒಂದೊಂದಾಗಿ ಹೇಳಲಿ. ನಾಯಕ ಪ್ರತಿಸಲವೂ ಒಂದು ಕೆಲಸದ ಪ್ರಶ್ನೆಯನ್ನೇ ಕೇಳಲಿ. ‘ಆ ಹೊತ್ತಿಗೆ ಕರೆಂಟ್ ಇತ್ತಾ?’ ‘ಬಾವಿ ಹತ್ತಿರ ಯಾರಿದ್ದರು?’ ದನಿ ಏರಿಸುವ ಹಾಗಿಲ್ಲ, ಇಳಿಸುವ ಹಾಗೂ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಕಾಣುತ್ತದೆ, ಸಿಟ್ಟು ಮುಖ ಬಿಟ್ಟು ಬೆನ್ನಿಗೆ, ಕೈಬೆರಳಿಗೆ ಇಳಿದಿರುತ್ತದೆ. ಅಲ್ಲಿಗೆ ಬಂದ ಮೇಲೆ ಏಟಿನ ದೃಶ್ಯಕ್ಕೆ ಹೋಗಿ, ಅದಕ್ಕೂ ಮುಂಚೆ ಬೇಡ. ಏಟನ್ನು ನಿಜವಾಗಿ ಹೊಡೆಯಬಾರದು. ಏಟು ತಿನ್ನುವವನ ಹಿಂಭಾಗಕ್ಕೆ ಕ್ಯಾಮೆರಾ ಇಡಿ, ಕೈ ಮುಖದಿಂದ ದೂರದಲ್ಲೇ ಹಾದುಹೋಗಲಿ, ತಲೆ ತಿರುಗಿಸುವುದು ತಿನ್ನುವವನ ಕೆಲಸ. ಸದ್ದು ಆಮೇಲೆ ಸೇರಿಸಬಹುದು.

ಏಟಿಗಿಂತ ದೊಡ್ಡದು ಅದರ ನಂತರ ಬರುತ್ತದೆ. ಟಿಬ್ಸ್‌ಗೆ ಎಂಡಿಕಾಟ್ ಮೇಲೆ ಹಠ ಹತ್ತುತ್ತದೆ. ಇವನನ್ನು ಆ ಗುಡ್ಡದಿಂದ ಕೆಳಗಿಳಿಸುತ್ತೇನೆ ಅಂತ ಕುದಿಯುತ್ತಾನೆ. ಆಗ ಗಿಲ್ಲೆಸ್ಪಿ, ನೀನೂ ನಮ್ಮ ಹಾಗೇ ಅಲ್ವಾ ಅನ್ನುವ ಅರ್ಥದ ಮಾತು ಹೇಳುತ್ತಾನೆ. ನಾಯಕ ತಪ್ಪಿದ್ದಾನೆ. ದ್ವೇಷ ಅವನ ಲೆಕ್ಕವನ್ನೂ ಕೆಡಿಸಿದೆ. ಪೊಯಿಟಿಯರ್ ಆ ಮಾತು ಕೇಳಿಸಿಕೊಳ್ಳುವ ರೀತಿಯನ್ನು ನೋಡಿ, ವಾದ ಮಾಡುವುದಿಲ್ಲ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ನಾಯಕ ಒಮ್ಮೆಯಾದರೂ ತಪ್ಪು ಮನುಷ್ಯನ ಬೆನ್ನು ಹತ್ತಲಿ. ಅದಕ್ಕೆ ಕಾರಣ ಅವನ ಸ್ವಂತ ಗಾಯವೇ ಆಗಿರಲಿ. ‘ನಮ್ಮ ಹೀರೊ ತಪ್ಪು ಮಾಡಿದರೆ ಜನ ಒಪ್ಪಲ್ಲ ಸರ’ ಅಂತ ಹುಡುಗರು ಹೇಳುತ್ತಾರೆ. ಜನ ಒಪ್ಪುತ್ತಾರೆ. ತಪ್ಪೇ ಮಾಡದವನ ಜೊತೆ ಮನಸ್ಸು ಬೆರೆಯುವುದಿಲ್ಲ.

ಸೆಖೆಯನ್ನು ನಟಿಸುವುದು ನಮಗೆ ಸುಲಭ ಅಂದುಕೊಳ್ಳುತ್ತೇವೆ. ಆದರೆ ಕ್ಯಾಮೆರಾ ಮುಂದೆ ಬಂದ ಕೂಡಲೇ ಎಲ್ಲರೂ ಹಣೆ ಒರೆಸಿಕೊಂಡು ‘ಉಫ್’ ಅನ್ನುತ್ತಾರೆ. ನಿಜವಾಗಿ ನಮ್ಮವರು ಹಾಗೆ ಮಾಡುತ್ತಾರಾ? ಕರೆಂಟ್ ಕಂಬದ ನೆರಳಿನಷ್ಟು ಅಗಲದ ಜಾಗದಲ್ಲೂ ನಿಲ್ಲುತ್ತಾರೆ. ಕುರ್ಚಿಯಿಂದ ಏಳುವಾಗ ಬೆನ್ನಿಗೆ ಅಂಟಿದ ಅಂಗಿಯನ್ನು ಎರಡು ಬೆರಳಿನಿಂದ ಬಿಡಿಸಿಕೊಳ್ಳುತ್ತಾರೆ. ರಾತ್ರಿ ಮಾಳಿಗೆಗೆ ನೀರು ಚಿಮುಕಿಸಿ ಹಾಸಿಗೆ ಹಾಸುತ್ತಾರೆ. ಮಾತು ಕಡಿಮೆ ಆಗುತ್ತದೆ, ಉತ್ತರ ತಡವಾಗಿ ಬರುತ್ತದೆ. ಇದನ್ನು ತನ್ನಿ. ಆ ಸಿನಿಮಾದ ರಾತ್ರಿ ಸೆಖೆ ನೋಡಿ ನೀವು ನಂಬುತ್ತೀರಿ, ಆದರೆ ಇಲಿನಾಯ್‌ನಲ್ಲಿ ಚಿತ್ರೀಕರಣ ನಡೆದದ್ದು ಚಳಿ ಶುರುವಾದ ಕಾಲದಲ್ಲಿ. ಬಾಯಿಂದ ಹೊಗೆಯಂತೆ ಉಸಿರು ಕಾಣಬಾರದು ಅಂತ ನಟರು ಐಸ್ ಚೂರು ಬಾಯಲ್ಲಿಟ್ಟುಕೊಂಡು, ಶಾಟ್‌ಗೆ ಮುಂಚೆ ಉಗುಳುತ್ತಿದ್ದರು.

ಬೆಳಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಪ್ಪು ಬಣ್ಣದ ನಟನಿಗೆ ಪೌಡರ್ ಬಳಿದು ಬಿಳಿ ಮಾಡುವ ಚಟ ದಯವಿಟ್ಟು ಬಿಡಿ. ನಮ್ಮ ಬಿಸಿಲಿನಲ್ಲಿ ಬೆಳೆದ ಮುಖಗಳು ತೆರೆಯ ಮೇಲೆ ಎಷ್ಟು ಚೆಂದ ಅಂತ ನೋಡೋಕೆ ನಮಗೇ ಧೈರ್ಯ ಇಲ್ಲದಂತೆ ಆಗಿದೆ. ಈ ಸಿನಿಮಾದ ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್‌ಲರ್, ಪೊಯಿಟಿಯರ್ ಅವರ ಮುಖದ ಬಣ್ಣಕ್ಕೆ ತಕ್ಕಂತೆ ಬೆಳಕನ್ನು ತಗ್ಗಿಸಿ, ಹೊಂದಿಸಿ ತೆಗೆದರು. ಮೊಬೈಲ್‌ನಲ್ಲಿ ತೆಗೆಯುವವರು ಹೀಗೆ ಮಾಡಿ: ಸುಣ್ಣ ಬಳಿದ ಬಿಳಿ ಗೋಡೆಯ ಮುಂದೆ ನಟನನ್ನು ನಿಲ್ಲಿಸಬೇಡಿ, ಗೋಡೆ ವಿಪರೀತ ಬೆಳ್ಳಗೆ ಕಾಣುತ್ತದೆ, ಮುಖ ಕತ್ತಲಲ್ಲಿ ಮುಳುಗುತ್ತದೆ. ಕಲ್ಲಿನ ಗೋಡೆ, ಮಣ್ಣಿನ ಗೋಡೆ, ಮರದ ಬಾಗಿಲು ಒಳ್ಳೆಯದು. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್, ಅಂದರೆ ಬೆಳಕಿನ ಅಳತೆ, ಲಾಕ್ ಮಾಡಿ. ಎದುರಿನಿಂದ ಲೈಟ್ ಹೊಡೆಯುವ ಬದಲು, ಪಕ್ಕದಲ್ಲಿ ಥರ್ಮಾಕೋಲ್ ಹಲಗೆ ಹಿಡಿದು ಬೆಳಕನ್ನು ಮುಖಕ್ಕೆ ತಿರುಗಿಸಿ. ಕೆನ್ನೆಯ ಮೇಲೆ ಬೆವರಿನ ಹೊಳಪು ಬಂದರೆ ಒರೆಸಬೇಡಿ, ಅದೇ ಮುಖದ ಆಕಾರ ತೋರಿಸುತ್ತದೆ.

ನಾಯಕನ ಪಾತ್ರ ಎದುರಿನ ಪಾತ್ರದಿಂದಲೇ ನಿಲ್ಲುತ್ತದೆ. ಈ ಸಿನಿಮಾಕ್ಕೆ ಐದು ಆಸ್ಕರ್ ಬಂತು. ಶ್ರೇಷ್ಠ ಚಿತ್ರ ಅದೇ, ಶ್ರೇಷ್ಠ ನಟ ರಾಡ್ ಸ್ಟೈಗರ್. ಪೊಯಿಟಿಯರ್‌ಗೆ ನಾಮನಿರ್ದೇಶನ ಕೂಡ ಸಿಗಲಿಲ್ಲ. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಕಾರಣ ಎರಡು ದಿನ ಮುಂದೂಡಿ, 1968ರ ಏಪ್ರಿಲ್ 10ರಂದು ಆ ಸಮಾರಂಭ ನಡೆಯಿತು. ಸ್ಟೈಗರ್ ಅದ್ಭುತ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಪಾತ್ರ ಅಗಿಯಬಹುದು, ಕೂಗಬಹುದು, ಬದಲಾಗಬಹುದು. ಅಲುಗದೆ ನಿಂತು ಅವರನ್ನು ಬದಲಾಯಿಸಿದ ಕೆಲಸ ಪೊಯಿಟಿಯರ್ ಅವರದು. ಅದು ಹೆಚ್ಚು ಕಷ್ಟ ಅಂತ ನನ್ನ ನಂಬಿಕೆ. ಹಾಗಾಗಿ ನಿಮ್ಮ ತಂಡದ ಅತ್ಯಂತ ಗಟ್ಟಿ ನಟನನ್ನು ಊರಿನ ಪೊಲೀಸ್ ಪಾತ್ರಕ್ಕೆ ಹಾಕಿ, ಅತ್ಯಂತ ತಾಳ್ಮೆಯ ನಟನನ್ನು ನಾಯಕನ ಪಾತ್ರಕ್ಕೆ ಹಾಕಿ. ಇಬ್ಬರೂ ಬೇರೆ ಬೇರೆ ರಿಹರ್ಸಲ್ ಮಾಡುವುದು ಬೇಡ.

ಚಿತ್ರೀಕರಣಕ್ಕೆ ಊರಲ್ಲಿ ಇರುವುದನ್ನೇ ಬಳಸಿ. ಅಮೆರಿಕದ ಆ ತಂಡ ಸ್ಪಾರ್ಟಾ ಅನ್ನುವ ಹೆಸರಿನ ನಿಜವಾದ ಊರನ್ನೇ ಆರಿಸಿಕೊಂಡು, ಕಥೆಯ ಊರಿಗೂ ಅದೇ ಹೆಸರಿಟ್ಟಿತು. ಬೋರ್ಡು ಬದಲಾಯಿಸುವ ಕೆಲಸವೇ ಬೀಳಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಚಿತ್ರೀಕರಣಕ್ಕೆ ಅನುಮತಿ, ಫೀಸು ಎಲ್ಲ ಬೇಕಾಗುತ್ತದೆ. ಕಿರುಚಿತ್ರಕ್ಕೆ ಹಳ್ಳಿಯ ಬಸ್ ಶೆಲ್ಟರ್ ಸಾಕು. ರಾತ್ರಿ ಕೊನೆಯ ಬಸ್ ಹೋದ ಮೇಲೆ ಅಲ್ಲಿ ಕೂತ ಒಬ್ಬ ಅಪರಿಚಿತ, ದೂರದಿಂದ ಬರುವ ಜೀಪಿನ ಲೈಟು, ಅಷ್ಟರಿಂದಲೇ ಶುರು ಮಾಡಬಹುದು. ಯೂನಿಫಾರ್ಮ್ ಹಾಕಿಕೊಂಡು ರಾತ್ರಿ ಓಡಾಡುವ ಮುಂಚೆ ಆ ಊರಿನ ಠಾಣೆಗೆ, ಪಂಚಾಯಿತಿಗೆ ಪತ್ರ ಕೊಟ್ಟು, ಒಂದು ಪ್ರತಿಯಲ್ಲಿ ಸೀಲ್ ಹಾಕಿಸಿಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಏಟಿನ ದೃಶ್ಯವನ್ನು ಕೊನೆಯ ದಿನಕ್ಕೆ ಇಡಿ. ಅಷ್ಟು ಹೊತ್ತಿಗೆ ಇಬ್ಬರು ನಟರ ನಡುವೆ ನಂಬಿಕೆ ಬೆಳೆದಿರುತ್ತದೆ, ನಾಯಕ ಮಾಡುವವನ ಒಳಗೆ ಸಾಕಷ್ಟು ಸಿಟ್ಟೂ ಕೂಡಿರುತ್ತದೆ.